ನಾಲ್ಕು ಮಂದಿ ಕೂಡಿ ಹಾಡು ಕೇಳುವುದು ಹೇಗೆ

ಲಿಂಕ್ ಕಳಿಸಿದರೆ ಹಾಡು ಕೇಳಿಸಿದಂತೆ ಆಗುವುದಿಲ್ಲ. ಕಳಿಸಿದವರಿಗೆ ತಮ್ಮ ಕೆಲಸ ಮುಗಿಯಿತು ಅನಿಸುತ್ತದೆ, ಪಡೆದವರು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾರೆ. ಎದುರಿಗೆ ಸಿಕ್ಕಾಗ "ಕೇಳಿದ್ರೇನ್ರಿ?" ಅಂದರೆ "ಭಾಳ ಛಲೋ ಐತ್ರಿ" ಅನ್ನುತ್ತಾರೆ, ಯಾವ ರಾಗ ಅಂತ ವಿಚಾರಿಸಿದರೆ ಮಾತು ಮಳೆಯ ಕಡೆ ಹೊರಳುತ್ತದೆ. ನಿಮಗೆ ಜೀವವಾಗಿರುವ ಗಾಯಕರು ಇನ್ನೊಬ್ಬರಿಗೂ ಹಿಡಿಸಬೇಕಾದರೆ ಪಕ್ಕದಲ್ಲಿ ಕೂತು ಕೇಳಿಸಬೇಕು. ಒಂದೇ ಹಾಡು, ಮೊದಲಿನಿಂದ ಕಡೆತನಕ, ನಡುವೆ ಬಾಯಿ ತೆರೆಯದೆ. ಹೇಳಿದಷ್ಟು ಸುಲಭವಲ್ಲ ಇದು.

ಬೆಳಗಾವಿಯ ಶಹಾಪುರದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ರವಿವಾರ ಮುಂಜಾನೆ ಮಷೀನುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದರೆ ಹತ್ತು-ಹನ್ನೆರಡು ಮಂದಿ ಕೂಡುವಷ್ಟು ಜಾಗ ಆಗುತ್ತದೆ. ಸಂಗೀತ ಕಲಿತವಳಲ್ಲ ನಾನು. ಹೊಲಿಯುವಾಗ ಕಣ್ಣು, ಕೈ, ಕಾಲು ಮೂರೂ ಕೆಲಸದಲ್ಲಿರುತ್ತವೆ, ಕಿವಿ ಖಾಲಿ. ಆ ಕಿವಿಯನ್ನು ಧಾರವಾಡ ಆಕಾಶವಾಣಿ ತುಂಬಿಸಿತು. 1950ರಲ್ಲಿ ಶುರುವಾದ ಕೇಂದ್ರ ಅದು, ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅದೇ ಸಂಗೀತ ಶಾಲೆ.

ಕೂಟ ಕಟ್ಟುವಾಗ ಒಂದೇ ರುಚಿಯವರನ್ನು ಸೇರಿಸಬೇಡಿ, ಬೇಗ ಬೇಸರ ಬರುತ್ತದೆ. ನಮ್ಮಲ್ಲಿ ಪೋಸ್ಟ್ ಆಫೀಸಿನಿಂದ ನಿವೃತ್ತರಾದ ಕಾಕಾ ಇದ್ದಾರೆ, ಅವರಿಗೆ ಮರಾಠಿ ನಾಟ್ಯಸಂಗೀತ ಬಿಟ್ಟರೆ ಉಳಿದದ್ದೆಲ್ಲ ಗದ್ದಲ. ವಡಗಾವಿಯಿಂದ ಮಗ್ಗದ ಮನೆಯ ಗಂಡ-ಹೆಂಡತಿ ಬರುತ್ತಾರೆ. ಭಜನಾ ಪದ, ಗೀಗೀ ಪದದವರು. ಪಾಲಿಟೆಕ್ನಿಕ್ ಓದುವ ಹುಡುಗನೊಬ್ಬ ಸಿನಿಮಾ ಹಾಡು, ಡಿಜೆ ಜಾನಪದದಿಂದ ಈ ಕಡೆ ಬಂದವನು. ಕಿರಾಣಾ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು, ಹಾಡಿದ್ದಷ್ಟೇ ಹಾಡು ಎನ್ನುವ ಮಾವಶಿಯೂ ಇದ್ದಾರೆ. ಇಷ್ಟು ಮಂದಿ ಜಗಳವಾಡದೆ ಕೂಡಬೇಕಾದರೆ ಪಾಳಿ ಇಡಬೇಕು. ಒಂದು ರವಿವಾರ ಒಬ್ಬರ ಪಾಳಿ. ಅವರು ಹಚ್ಚಿದ್ದನ್ನು ಎಲ್ಲರೂ ಕೇಳಬೇಕು. "ಇದಕ್ಕಿಂತ ಅವರದು ಛಲೋ ಐತಿ" ಅನ್ನುವ ಮಾತಿಗೆ ನಮ್ಮಲ್ಲಿ ಪರವಾನಗಿ ಇಲ್ಲ. ಅವರದು ಕೇಳಿಸಬೇಕೆಂದಿದ್ದರೆ ನಿಮ್ಮ ಪಾಳಿ ಬರಲಿ, ತನ್ನಿ.

ಒಟ್ಟು ಎರಡು ತಾಸು ಸಾಕು. ಒಂದು ದೊಡ್ಡದು, ಎರಡು ಸಣ್ಣವು, ಕಡೆಗೆ ಚಹಾ. ಚಹಾ ನಡುವೆ ಕೊಟ್ಟರೆ ಆಟ ಕೆಟ್ಟಂತೆಯೇ, ಕಪ್ಪು-ಬಸಿಯ ಸದ್ದು ಯಾವ ಆಲಾಪವನ್ನಾದರೂ ಕೊಲ್ಲುತ್ತದೆ.

ಇನ್ನು ಕೋಣೆ. ಬರಿ ಗೋಡೆ, ನುಣುಪು ಫರಸಿ ಇರುವ ಹಾಲ್‌ನಲ್ಲಿ ಧ್ವನಿ ಪುಟಿದು ಪುಟಿದು ಬರುತ್ತದೆ, ಓಡುವ ಸ್ವರಗಳ ತಾನುಗಳೆಲ್ಲ ಕಲಸಿಹೋಗುತ್ತವೆ. ನನ್ನ ಅಂಗಡಿಯಲ್ಲಿ ಅಸ್ತರಿನ ಥಾನುಗಳು, ತೂಗುಹಾಕಿದ ಸೀರೆಗಳು ಎಲ್ಲ ಕಡೆ ಇರುವುದರಿಂದ ಆ ಕಾಟವಿಲ್ಲ, ಬಟ್ಟೆ ಪ್ರತಿಧ್ವನಿಯನ್ನು ನುಂಗಿಬಿಡುತ್ತದೆ. ನಿಮ್ಮ ಮನೆಯಲ್ಲಿ ದಪ್ಪ ಪರದೆ ಎಳೆಯಿರಿ, ನೆಲಕ್ಕೆ ಜಮಖಾನೆ ಹಾಸಿ, ಎದುರು ಗೋಡೆಗೆ ಎರಡು ಕೌದಿ ತೂಗುಹಾಕಿ. ಸ್ಪೀಕರ್ ದುಬಾರಿಯದೇ ಬೇಕೆಂದಿಲ್ಲ, ಜೋಡಿ ಇರಲಿ. ಮದುವೆಯ ವರಾತದಲ್ಲಿ, ಅಂದರೆ ಮೆರವಣಿಗೆಯಲ್ಲಿ, ಮೆರೆಯುವ, ಬರೀ ಧಡ್ ಧಡ್ ಅನ್ನುವ ಬ್ಲೂಟೂತ್ ಡಬ್ಬಿ ಮನುಷ್ಯರ ದನಿಗೆ ಆಗದು. ನೆಲದ ಮೇಲೆ ಕೂಡುತ್ತೀರಾದರೆ ಸ್ಪೀಕರ್‌ಗಳನ್ನು ಗಿಡ್ಡ ಮಣೆಯ ಮೇಲೆ, ಕೂತವರ ಕಿವಿಯ ಮಟ್ಟಕ್ಕೆ, ಗೋಡೆಯಿಂದ ಒಂದೆರಡು ಅಡಿ ಮುಂದೆ ಇಡಿ. ಗೋಡೆಗೆ ಆನಿಸಿಟ್ಟರೆ ತಗ್ಗಿನ ಸ್ವರ ಉಬ್ಬಿಕೊಳ್ಳುತ್ತದೆ.

ಸರಿಯಾಯಿತೋ ಇಲ್ಲವೋ ನೋಡಲು ತಂಬೂರಿ ಸಾಕು. ನಾಲ್ಕು ತಂತಿಯ ತಂಬೂರಿಯಲ್ಲಿ ಸಾಮಾನ್ಯವಾಗಿ ಮೊದಲದು ಪಂಚಮ, ನಡುವಿನ ಎರಡು ಷಡ್ಜ, ಕಡೆಯದು ಖರ್ಜ, ಅಂದರೆ ತಗ್ಗಿನ ಷಡ್ಜ. ಆ ಕಡೆಯ ದಪ್ಪ ತಂತಿಯ ನಾದ ಒಂದು ಮೀಟಿನಿಂದ ಇನ್ನೊಂದು ಮೀಟಿನವರೆಗೆ ಕಡಿಯದೆ ಕೇಳಿಸಿತೆಂದರೆ ನಿಮ್ಮ ವ್ಯವಸ್ಥೆ ಗೆದ್ದಿತು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಹಾಡನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ತೋಡಿ ರಾಗದ ಕೋಮಲ ಗಾಂಧಾರದ ಮೇಲೆ ಗಾಯಕರು ನಿಂತಿರುವಾಗ ವಾಷಿಂಗ್ ಪೌಡರಿನ ಜಾಹೀರಾತು ನುಗ್ಗಿದರೆ ಆ ದಿನದ ಮಟ್ಟಿಗೆ ಮುಗಿಯಿತು.

ಏನು ಕೇಳಿಸಬೇಕು ಅನ್ನುವಲ್ಲಿ ಅಭಿಮಾನಿಗಳು ಆತುರಪಡುತ್ತಾರೆ. ತಮಗೆ ಅತಿ ಪ್ರಿಯವಾದ ಎಪ್ಪತ್ತು ನಿಮಿಷದ ದರಬಾರಿ ರಾಗವನ್ನು ಮೊದಲ ದಿನವೇ ಹೊಸಬರ ತಲೆಗೆ ಕಟ್ಟುತ್ತಾರೆ. ಅಳತೆ ತಗೊಳ್ಳದೆ ಬ್ಲೌಸ್ ಕತ್ತರಿಸಿದ ಹಾಗೆ. ನನ್ನ ಕೇಳಿದರೆ ಹಳೆಯ 78ರ ಗ್ರಾಮಫೋನ್ ತಟ್ಟೆಗಳಿಂದ ಶುರುಮಾಡಿ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಸುತ್ತಿತ್ತು, ಹಾಗಾಗಿ ಆ ಕಾಲದ ಗಾಯಕರು ರಾಗದ ಸಾರವನ್ನಷ್ಟೇ ಹಿಂಡಿ ಕೊಟ್ಟಿದ್ದಾರೆ. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ ಇದೆ, "ಪಿಯಾ ಬಿನ್ ನಹೀ ಆವತ ಚೈನ್". ಗದಗಿನಲ್ಲಿ ಹುಡುಗ ಭೀಮಸೇನ ಜೋಶಿ ಅದರ ತಟ್ಟೆ ಕೇಳಿ ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿಸಿಕೊಂಡು 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದರು. ಮೂರು ನಿಮಿಷಕ್ಕೆ ಇಷ್ಟು ಬಲ ಇದೆ ಎಂದಮೇಲೆ ಮುಕ್ಕಾಲು ತಾಸಿನ ಅವಸರ ನಿಮಗೇಕೆ?

ಆಮೇಲೆ ಸೇತುವೆ ಹುಡುಕಬೇಕು, ಎದುರಿಗಿದ್ದವರು ಆಗಲೇ ಪ್ರೀತಿಸುವ ಹಾಡಿನಿಂದ ನೀವು ಪ್ರೀತಿಸುವ ಹಾಡಿಗೆ. ಪೋಸ್ಟ್ ಕಾಕಾ ಕುಮಾರ ಗಂಧರ್ವರ ಹೆಸರೆತ್ತಿದರೆ ಮುಖ ಹಿಂಡುತ್ತಿದ್ದರು, "ತುಂಡು ತುಂಡು ಮಾಡಿ ಹಾಡ್ತಾರ" ಅಂತ. ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟ್ಯಪದಗಳನ್ನು ಕುಮಾರರು ತಮ್ಮ ಕಣ್ಣಿನಿಂದ ನೋಡಿ ಹಾಡಿದ ಧ್ವನಿಮುದ್ರಿಕೆ ಇದೆ, ಅದನ್ನು ಹಚ್ಚಿದೆ. ತಾವು ಬಾಯಿಪಾಠ ಮಾಡಿದ್ದ ಪದ ಹೊಸ ದಾರಿ ಹಿಡಿದದ್ದು ಕೇಳಿ ಕಾಕಾ ಮುಂದಕ್ಕೆ ಸರಿದು ಕೂತರು. ಅದಾದ ಮೇಲೆ ಹೇಳಿದೆ: ಇವರು ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ಕ್ಷಯ ತಗುಲಿ 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು, ವರ್ಷಗಳ ಕಾಲ ಹಾಡುವ ಹಾಗಿರಲಿಲ್ಲ, ಒಂದು ಶ್ವಾಸಕೋಶ ಹೋಯಿತು. ಉಸಿರು ಅಷ್ಟೇ ಇದ್ದಾಗ ಮಾತು ಸಣ್ಣದಾಗುತ್ತದೆ, ಚೂಪಾಗುತ್ತದೆ. ಹಾಸಿಗೆ ಹಿಡಿದಿದ್ದಾಗ ಕಿವಿಗೆ ಬಿದ್ದ ಮಾಳವದ ಜಾನಪದ ಆಮೇಲೆ ಅವರ ಗಾಯನದೊಳಗೆ ಬಂದು ಕೂತಿತು. ಈ ಕಥೆಯನ್ನು ಹಾಡಿಗಿಂತ ಮುಂಚೆ ಹೇಳಿದ್ದರೆ ಕಾಕಾ ಕನಿಕರದಿಂದ ಕೇಳುತ್ತಿದ್ದರು. ಕನಿಕರದ ಕಿವಿ ನನಗೆ ಬೇಡವಾಗಿತ್ತು.

ಸಿನಿಮಾ ಹುಡುಗನಿಗೆ ಬೇರೆ ಸೇತುವೆ. 1966ರ 'ಸಂಧ್ಯಾರಾಗ'ದಲ್ಲಿ ಭೀಮಸೇನರು ಹಾಡಿದ್ದಾರೆ. 1956ರ ಹಿಂದಿ 'ಬಸಂತ್ ಬಹಾರ್'ನಲ್ಲಿ ಮನ್ನಾ ಡೇ ಜೊತೆಗೆ ಅವರ ಜುಗಲಬಂದಿ ಇದೆ, ಕಥೆಯ ಪ್ರಕಾರ ಅಲ್ಲಿ ಮನ್ನಾ ಡೇ ದನಿಯ ನಾಯಕನೇ ಗೆಲ್ಲಬೇಕು. ಹಳೆ ಹಿಂದಿ ಹಾಡಿನವರು ಸಿಕ್ಕರೆ ಬೀಳಗಿಯ ಅಮೀರಬಾಯಿ ಕರ್ನಾಟಕಿಯಿಂದ ಶುರುಮಾಡಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳು. ಬಾಗಲಕೋಟೆ ಜಿಲ್ಲೆಯ ಹೆಣ್ಣುಮಗಳ ದನಿ ಇದು ಎಂದು ಗೊತ್ತಾದಾಗ ಮಂದಿಯ ಮುಖ ನೋಡಬೇಕು. ರಾಗ-ಗೀಗ ನನಗೆ ತಿಳಿಯುವುದಿಲ್ಲ ಎನ್ನುವ ಅಜ್ಜಿಯಂದಿರಿಗೆ ಮಲ್ಲಿಕಾರ್ಜುನ ಮನ್ಸೂರರ ದನಿಯಲ್ಲಿ "ಅಕ್ಕ ಕೇಳವ್ವಾ" ವಚನ ಸಾಕು. ಅದಕ್ಕೆ ಪೀಠಿಕೆ ಬೇಕಿಲ್ಲ.

ಮಗ್ಗದ ದಂಪತಿಯ ಪಾಳಿ ಬಂದಾಗ ಮಾತ್ರ ಪದ್ಧತಿ ತಿರುಗಿಸುತ್ತೇವೆ. ಗೀಗೀ ಪದದಲ್ಲಿ ಸೊಲ್ಲೇ ಪ್ರಾಣ. ಹರದೇಶಿಯವರು ಶಿವನ ಪಕ್ಷ, ನಾಗೇಶಿಯವರು ಶಕ್ತಿಯ ಪಕ್ಷ ಹಿಡಿದು ರಾತ್ರಿಯಿಡೀ ಸವಾಲು-ಜವಾಬು ಹಾಡುತ್ತಾರೆ. ಡಪ್ಪು, ತುಂತುಣಿ, ತಾಳ, ಹಿಂದೆ "ಗೀಯ ಗಾ ಗೀಯ" ಅನ್ನುವ ಮೇಳ. ಸವಾಲು ಏನೆಂದು ತಿಳಿಯದಿದ್ದರೆ ಜವಾಬಿನ ಸೊಗಸು ಹತ್ತುವುದಿಲ್ಲ. ಅದಕ್ಕೆ ಆ ದಿನ ಕಥೆ ಮೊದಲು, ಹಾಡು ಆಮೇಲೆ. ಶಾಸ್ತ್ರೀಯದವರು ಇದನ್ನು ಕೀಳು ಅನ್ನುವುದುಂಟು. ಒಂದು ರಾತ್ರಿ ಜಾತ್ರೆಯಲ್ಲಿ ಕೂತು ನೋಡಲಿ, ಪುರಾಣ ಮರೆತ ಹಾಡುಗಾರರನ್ನು ಅಲ್ಲಿನ ಮಂದಿ ಎಷ್ಟು ಬೇಗ ಹಿಡಿಯುತ್ತಾರೆಂದು ತಿಳಿಯುತ್ತದೆ.

ಶಾಸ್ತ್ರೀಯದವರ ಮುಖ್ಯ ಪ್ರಕಾರವಾದ ಖ್ಯಾಲಿಗೆ ಬರೋಣ. ನಿಧಾನ ಲಯದ ಬಡಾ ಖ್ಯಾಲ್ ಹೊಸಬರಿಗೆ ಮಲಗಿಸುವ ಔಷಧ ಆಗಬಾರದೆಂದರೆ ಕೈಯಲ್ಲಿ ಒಂದು ಕೆಲಸ ಕೊಡಿ: ಸಮ್, ಅಂದರೆ ತಾಲದ ಮೊದಲ ಮಾತ್ರೆ, ಹಿಡಿಯುವ ಕೆಲಸ. ಬಂದಿಶಿನ (ತಾಲಕ್ಕೆ ಕಟ್ಟಿದ ಪದದ) ಮುಖಡಾ, ಅಂದರೆ ಮರಳಿ ಮರಳಿ ಬರುವ ಆ ಮೊದಲ ತುಣುಕು, ಯಾವ ಅಕ್ಷರದ ಮೇಲೆ ಬಂದು ಇಳಿಯುತ್ತದೆ ಎಂಬುದನ್ನಷ್ಟೇ ತೋರಿಸಿ. ವಿಲಂಬಿತ ಏಕತಾಲ ಹನ್ನೆರಡು ಮಾತ್ರೆಯದು, ಆದರೆ ಮೊದಲ ದಿನ ಎಣಿಸುವುದು ಬೇಡ. ಎಣಿಸುವವರು ಹಾಡು ಕೇಳುವುದಿಲ್ಲ. ಮುಖಡಾ ಬಂತೆಂದರೆ ಸಮ್ ಹತ್ತಿರವಾಯಿತು, ತೊಡೆ ತಟ್ಟಲು ತಯಾರಾಗು ಅಂತ ಹೇಳಿ. ಮೂರ್ನಾಲ್ಕು ಆವರ್ತನ ತಪ್ಪುತ್ತದೆ. ಐದನೆಯದಕ್ಕೋ ಆರನೆಯದಕ್ಕೋ ಗಾಯಕರು, ತಬಲಾ, ಈ ಹೊಸಬರ ಅಂಗೈ ಮೂರೂ ಒಂದೇ ಕಡೆ ಬಿದ್ದವೆಂದರೆ ಮುಂದಿನ ವಾರ ನೀವು ಕರೆಯಬೇಕಾಗಿಲ್ಲ, ತಾವಾಗಿ ಬರುತ್ತಾರೆ. ಝಪತಾಲದ ಹತ್ತು, ತೀನತಾಲದ ಹದಿನಾರು ಆಮೇಲೆ ತಾನಾಗಿ ಬರುತ್ತದೆ.

ಹೊತ್ತಿಗೆ ತಕ್ಕ ರಾಗ ಹಚ್ಚಿ. ಶಾಸ್ತ್ರದ ಹೆದರಿಕೆಯಿಂದ ಹೇಳುತ್ತಿಲ್ಲ. ನಮ್ಮ ಕೂಟ ಮುಂಜಾನೆ, ಹಾಗಾಗಿ ಭೈರವ್, ತೋಡಿ, ಜೌನಪುರಿ ಇವೆಲ್ಲ ಆ ಬೆಳಕಿನಲ್ಲಿ ಬೇರೆಯೇ ಕೇಳಿಸುತ್ತವೆ. ಸಂಜೆ ಕೂಡುವವರು ಮಾರವಾ, ಪೂರಿಯಾ, ಯಮನ್ ನೋಡಿರಿ.

ಹಚ್ಚುವ ಮುಂಚೆ ಹೇಳಬೇಕಾದದ್ದು ಮೂರೇ ಮಾತು: ಯಾರು, ಯಾವ ರಾಗ, ಯಾವುದರ ಕಡೆ ಕಿವಿ ಇಡಬೇಕು. ಉದಾಹರಣೆಗೆ ಗಂಗೂಬಾಯಿ ಹಾನಗಲ್ಲರದಾದರೆ "ಸ್ವರ ಮುಟ್ಟಿ ಬಿಡುವುದಿಲ್ಲ, ಅದರ ಮೇಲೆ ಊರಿ ನಿಲ್ಲುತ್ತಾರೆ, ಆ ನಿಲ್ಲುವುದನ್ನು ನೋಡು" ಅಂದರೆ ಸಾಕು. ಪ್ರಶಸ್ತಿಗಳ ಪಟ್ಟಿ ಓದಬೇಡಿ. ಮುಗಿದ ಮೇಲೆ ಒಂದು ನಿಮಿಷ ಸುಮ್ಮನಿರಿ, ಮೊದಲ ಮಾತು ಹೊಸಬರದಾಗಲಿ. "ನನಗ ಸೇರಲಿಲ್ಲ" ಅಂದರೆ ಒಪ್ಪಿಕೊಳ್ಳಿ, ಯಾಕೆ ಸೇರಲಿಲ್ಲ ಅಂತ ಕೇಳಿ. ಎಷ್ಟೋ ಸಲ ಆ ಉತ್ತರದಲ್ಲೇ ಮುಂದಿನ ಹಾಡಿನ ವಿಳಾಸ ಇರುತ್ತದೆ. "ಹಾಡು ಮುಂದ ಹೋಗವಲ್ದು" ಅಂದವರಿಗೆ ಕಿರಾಣಾದವರು ರಾಗವನ್ನು ನಿಧಾನಕ್ಕೆ ಬೆಳೆಸುವ ಬಢತ್ ಬಿಟ್ಟು ಜೈಪುರ-ಅತ್ರೌಲಿ ಘರಾಣೆಯ ಕಡೆ ಕರೆದೊಯ್ಯಿರಿ. ಆ ಘರಾಣೆಯ ಮನ್ಸೂರರಲ್ಲಿ ಸ್ವರ ಮತ್ತು ಲಯ ಮೊದಲಿನಿಂದಲೇ ಹೆಣೆದುಕೊಂಡು ಓಡುತ್ತವೆ, ಇಪ್ಪತ್ತು ನಿಮಿಷದೊಳಗೆ ರಾಗ ಮುಗಿದಿರುತ್ತದೆ. ಮಾವಶಿ ಇದನ್ನು ಈಗಲೂ ಒಪ್ಪುವುದಿಲ್ಲ. ಅವರ ಪಾಳಿಯಲ್ಲಿ ಕಿರಾಣಾದ ಗುರು ಸವಾಯಿ ಗಂಧರ್ವರ ಶಿಷ್ಯರೇ ಸಾಲುಗಟ್ಟಿ ಬರುತ್ತಾರೆ, ಕೇಳುತ್ತೇವೆ.

ಹೊಸ ಆಲ್ಬಂಗಳ ವಿಷಯ. ಕ್ಯಾಸೆಟ್ ಕಾಲದಲ್ಲಿ ಒಳಗಿನ ಚೀಟಿಯಲ್ಲಿ ರಾಗ, ತಾಲ, ಸಾಥಿದಾರರ ಹೆಸರು ಎಲ್ಲ ಇರುತ್ತಿತ್ತು. ಈಗ ಆ್ಯಪ್‌ಗಳಲ್ಲಿ ಗಾಯಕರ ಮುಖ ದೊಡ್ಡದಾಗಿ ಕಾಣುತ್ತದೆ, ತಬಲಾ ಯಾರದೆಂದು ಹುಡುಕಿದರೂ ಸಿಗುವುದಿಲ್ಲ. ಯಾರೋ ಏರಿಸಿದ ಹಳೆಯ ಮೈಫಿಲ್‌ಗಳಲ್ಲಂತೂ ರಾಗದ ಹೆಸರೇ ತಪ್ಪಿರುತ್ತದೆ. ಅದಕ್ಕೆ ಒಂದು ನೋಟ್‌ಬುಕ್ ಇಡಿ. ಪ್ರತಿ ಹಾಡಿಗೂ ಗಾಯಕರು, ರಾಗ, ಬಂದಿಶಿನ ಮೊದಲ ಸಾಲು, ತಾಲ, ಸಾಥ್ ಯಾರು, ಯಾವ ಊರು-ವರ್ಷದ ಮುದ್ರಣ, ಯಾರ ಪಾಳಿಯಲ್ಲಿ ಕೇಳಿದ್ದು. ರಾಗದ ಹೆಸರಿನ ಬಗ್ಗೆ ಸಂಶಯ ಬಂದರೆ ಅದೇ ಬಂದಿಶನ್ನು ಬೇರೆಯವರು ಹಾಡಿದ್ದು ಹುಡುಕಿ ಪಕ್ಕಪಕ್ಕ ಕೇಳಿ, ಅರ್ಧ ಗಂಟು ಅಲ್ಲೇ ಬಿಚ್ಚುತ್ತದೆ. ಹಳಬರನ್ನೇ ಹಿಡಿದು ಕೂಡಬೇಡಿ ಅಂತಲೂ ಹೇಳಬೇಕು. ನಾಲ್ಕು ಪಾಳಿಗೊಮ್ಮೆ ಈಗ ಹಾಡುತ್ತಿರುವವರದೇ ಆಗಬೇಕೆಂದು ನಾವು ಕಟ್ಟು ಹಾಕಿಕೊಂಡಿದ್ದೇವೆ: ವೆಂಕಟೇಶ ಕುಮಾರ್, ಕೈವಲ್ಯಕುಮಾರ ಗುರವ, ಜಯತೀರ್ಥ ಮೇವುಂಡಿ, ಕುಮಾರರ ಮೊಮ್ಮಗ ಭುವನೇಶ ಕೊಂಕಾಳಿ. ಇವರನ್ನು ಎದುರಿಗೆ ಕೂತು ಕೇಳಬಹುದು, ತಟ್ಟೆಯಲ್ಲಿರುವವರನ್ನು ಆಗದು.

ಎದುರಿಗೆ ಕೇಳಲು ನಮ್ಮ ಊರಲ್ಲೇ ಕುಮಾರ ಗಂಧರ್ವ ರಂಗಮಂದಿರ, ಲೋಕಮಾನ್ಯ ರಂಗಮಂದಿರ ಇವೆ. ಆಚೆಗೆ ಧಾರವಾಡ-ಹುಬ್ಬಳ್ಳಿ, ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ ನಾಡಗೇರ ವಾಡೆಯೊಳಗೆ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವ. ಕುಂದಗೋಳಕ್ಕೆ ಒಮ್ಮೆಯಾದರೂ ರೈಲಿನಲ್ಲೇ ಹೋಗಿ. ಗಂಗೂಬಾಯಿ ಹುಬ್ಬಳ್ಳಿಯಿಂದ ಪಾಠಕ್ಕೆ ಹೋಗಿ ಬರುತ್ತಿದ್ದ ದಾರಿ ಅದು. ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ, 1953ರಲ್ಲಿ ಭೀಮಸೇನರು ಗುರುವಿನ ಹೆಸರಿನಲ್ಲಿ ಹಚ್ಚಿದ್ದು. ಹೊಸಬರನ್ನು ಮೊದಲ ಸಲವೇ ಪುಣೆಗೆ ಕರೆದೊಯ್ಯಬೇಡಿ. ದಿನಗಟ್ಟಲೆ ಒಬ್ಬರಾದ ಮೇಲೆ ಒಬ್ಬರು ಹಾಡುತ್ತ ಹೋದರೆ ಯಾರ ಹಾಡು ಯಾವುದೆಂದು ತಲೆಯಲ್ಲಿ ಉಳಿಯುವುದಿಲ್ಲ. ಒಬ್ಬರೇ ಗಾಯಕರ, ಎರಡು ತಾಸಿನ ಕಾರ್ಯಕ್ರಮ ಆರಿಸಿ.

ಕೂಡುವ ಜಾಗ ನಡುವೆ, ಐದಾರನೆಯ ಸಾಲು. ಮುಂದಿನ ಸಾಲು ಗಣ್ಯರಿಗೆ ಬಿಡಿ. ಅವರು ಸತ್ಕಾರ ಮುಗಿಸಿ ಎದ್ದುಹೋದ ಮೇಲೆ ಹೇಗೂ ಖಾಲಿಯಾಗುತ್ತದೆ. ಸ್ಪೀಕರ್ ಬಾಯಿಯ ಎದುರು ಬೇಡವೇ ಬೇಡ. ಶಾಲು ಇರಲಿ, ಚುರುಮುರಿಯ ಪೊಟ್ಟಣ ಹೊರಗೇ ಮುಗಿಯಲಿ. ಏಳಬೇಕಾದರೆ ರಾಗ ಮುಗಿದು ತಬಲಾದವರು ಸುತ್ತಿಗೆ ಎತ್ತಿಕೊಂಡಾಗ ಏಳಿ. ಇಂಥ ಹಾಡು ಬೇಕೆಂಬ ಫರ್ಮಾಯಿಷಿನ ಚೀಟಿ ಕಳಿಸುವುದು ಮಧ್ಯಂತರದಲ್ಲಿ, ಒಂದೇ; ಖ್ಯಾಲ್ ಕಟ್ಟುತ್ತಿರುವವರ ಎದುರು ಹಿಂದಿನಿಂದ "ಭಾಗ್ಯದ ಲಕ್ಷ್ಮೀ" ಅಂತ ಕೂಗುವವರಿಗೆ ನಾನು ತಿರುಗಿ ನೋಡುವ ನೋಟ ಇಡೀ ಶಹಾಪುರಕ್ಕೆ ಗೊತ್ತು. ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ, ಕೇಳಿದರೆ ಕಲಾವಿದರೇ ಬೇಡವೆನ್ನುತ್ತಾರೆ. ಭೈರವಿ ಶುರುವಾಯಿತೆಂದರೆ ಕಡೆಯದು ಅಂತ ಹೊಸಬರಿಗೆ ಕಿವಿಯಲ್ಲಿ ಹೇಳಿ. ಚಪ್ಪಲಿ ಹುಡುಕಲು ಆಗಲೇ ಹೊರಡಬಾರದು.

ರಾತ್ರಿಯ ರಾಗಗಳ ಮಾತು ಬೇರೆ. 2000ದ ಶಬ್ದಮಾಲಿನ್ಯ ನಿಯಮ ಬಂದಮೇಲೆ ಬಯಲು ಮಂಟಪಗಳಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು. ಬೆಳತನಕ ನಡೆಯುವ ಕಛೇರಿ ಅಪರೂಪವಾಯಿತು, ಮಾಲಕಂಸ, ದರಬಾರಿ ತಮ್ಮ ಹೊತ್ತಿಗೆ ಕೇಳಸಿಗುವುದೂ ಕಡಿಮೆಯಾಯಿತು. ಅವು ಬೇಕೆಂದರೆ ಮನೆಯೊಳಗೆ, ಮೈಕ್ ಇಲ್ಲದ ಬೈಠಕ್ ಮಾಡಿರಿ. ಕೂಟದವರೆಲ್ಲ ತಿಂಗಳಿಗಿಷ್ಟು ಅಂತ ಡಬ್ಬಿಗೆ ಹಾಕಿದರೆ ವರ್ಷಕ್ಕೊಂದು ಆಗುತ್ತದೆ. ನಲವತ್ತು ಮಂದಿ ಹಿಡಿಸುವ ಪಡಸಾಲೆಗೆ ಮೈಕ್ ಬೇಕಾಗಿಲ್ಲ. ದೊಡ್ಡ ಹೆಸರಿನ ಬೆನ್ನು ಹತ್ತಬೇಡಿ, ಧಾರವಾಡದ ಕಡೆ ಒಳ್ಳೆಯ ತಯಾರಿ ಇರುವ ಎಳೆಯ ಗಾಯಕ-ಗಾಯಕಿಯರು ಬಹಳ ಇದ್ದಾರೆ, ಅವರಿಗೆ ಬೇಕಾಗಿರುವುದು ಕೇಳುವ ಮಂದಿ.

ಕರೆಯುವಾಗಲೇ ಯಾವ ಪಟ್ಟಿಯಲ್ಲಿ, ಅಂದರೆ ಯಾವ ಶ್ರುತಿಯಲ್ಲಿ, ಹಾಡುತ್ತಾರೆಂದು ಕೇಳಿಕೊಂಡು ತಬಲಾದವರಿಗೆ ತಿಳಿಸಿ, ಇಲ್ಲದಿದ್ದರೆ ಅವರು ತಂದ ದಾಯಾ (ಬಲಗೈಯ ತಬಲಾ) ಆ ಶ್ರುತಿಗೆ ಏರದೆ ಪೇಚಾಟ. ಬೆಳಗಾವಿಯ ಜುಲೈ-ಆಗಸ್ಟ್ ಬಿಡುವುದು ಒಳ್ಳೆಯದು. ಥಂಡಿಗೆ ತಬಲಾದ ಚರ್ಮ ಸಡಿಲುತ್ತದೆ, ತಂಬೂರಿಯ ತಂತಿ ಒಂದು ಕಡೆ ನಿಲ್ಲುವುದಿಲ್ಲ, ಮಂದಿ ಕೆಮ್ಮುತ್ತಾರೆ. ಶ್ರುತಿ ಕೂಡಿಸಲು ಅರ್ಧ ತಾಸು ಮುಂಚೆ ಒಂದು ಖಾಲಿ ಕೋಣೆ ಕೊಡಿ, ಅಲ್ಲಿಗೆ ಫೋಟೋದವರನ್ನು ಬಿಡಬೇಡಿ. ಹಾಡುವವರ ತಲೆಯ ಮೇಲಿನ ಫ್ಯಾನ್ ಆರಿಸಿ, ಬಿಸಿನೀರಿನ ಥರ್ಮಾಸ್ ಕೈಗೆ ಸಿಗುವ ಹಾಗಿಡಿ. ಸ್ವಾಗತ ಭಾಷಣ ಮಾಡುವ ಆಸೆ ಇರುವವರನ್ನು ಬಾಗಿಲಲ್ಲಿ ಚಪ್ಪಲಿ ನೋಡಿಕೊಳ್ಳಲು ಹಾಕಿ.

ರೊಕ್ಕದ ಮಾತನ್ನು ಕರೆಯುವ ದಿನವೇ ಸ್ಪಷ್ಟ ಮಾಡಿ, "ನೋಡಿ ಕೊಡೋಣ್ರಿ" ಅನ್ನಬೇಡಿ. ಹೋಗಿ ಬರುವ ಖರ್ಚು ಸಂಭಾವನೆಯೊಳಗೆ ಸೇರಿಲ್ಲ. ಲಕೋಟೆಗಳು ಬೇರೆ ಬೇರೆ ಇರಬೇಕು: ಗಾಯಕರದು, ತಬಲಾದವರದು, ಹಾರ್ಮೋನಿಯಂನವರದು, ಹಿಂದೆ ತಂಬೂರಿ ಹಿಡಿದು ಮೂರು ತಾಸು ಕಾಲು ಮಡಚಿ ಕೂತ ವಿದ್ಯಾರ್ಥಿಯದು. ಎಲ್ಲವನ್ನೂ ಒಂದೇ ಲಕೋಟೆಯಲ್ಲಿ ಗಾಯಕರ ಕೈಗೆ ಕೊಟ್ಟು ಹಂಚಿಕೊಳ್ಳಿ ಅನ್ನುವುದು ಸರಿಯಲ್ಲ. ಊಟಕ್ಕೆ ಕೂಡುವ ಮುಂಚೆ, ಮಂದಿಯ ಎದುರಿಗಲ್ಲದೆ, ಒಳಗೆ ಕರೆದು ಕೊಡಿ. ರಾತ್ರಿಯೇ ಧಾರವಾಡದ ಬಸ್ಸು ಹಿಡಿಯುವವರಿದ್ದರೆ ರೊಟ್ಟಿ, ಪಲ್ಯ, ಒಂದು ಡಬ್ಬಿ ಕುಂದಾ ಕಟ್ಟಿಕೊಟ್ಟು, ತಬಲಾದ ಚೀಲ ಹೊತ್ತುಕೊಂಡು ಸ್ಟ್ಯಾಂಡಿನವರೆಗೆ ಯಾರಾದರೂ ಜೊತೆಗೆ ಹೋಗಬೇಕು.